ತುಳಸಿಯ ಗಾಡಿ ಕುಡಿದ ಪೆಟ್ರೋಲ್

ಜನವರಿಯ ಎರಡನೆಯ ಸೋಮವಾರ, ಬೆಳಗಿನ ಮೀಟಿಂಗಿನಲ್ಲಿ, ತೀರ್ಥಪ್ರಸಾದ್ ಆ ಮಾತನ್ನು ಎಲ್ಲರ ಎದುರಿಗೇ ಆಡಿದ.

“ಇದೇ ಗಾಡಿ ಮೂರು ವರ್ಷದ ಹಿಂದೆ ಲೀಟರಿಗೆ ಹದಿನಾರು ಕಿಲೋಮೀಟರ್ ಕೊಡ್ತಿತ್ತು. ಈಗ ಹತ್ತು. ಗಾಡಿಗೆ ವಯಸ್ಸಾಗಿದೆ, ಒಪ್ತೇನೆ. ಆದರೆ ಇಷ್ಟೊಂದು ಪೆಟ್ರೋಲನ್ನ ಗಾಡಿ ಒಂದೇ ಕುಡೀತಾ ಇದೆ ಅಂತ ನನಗೆ ಅನ್ನಿಸ್ತಿಲ್ಲ.”

ಕೋಣೆಯಲ್ಲಿದ್ದದ್ದು ಐದೇ ಜನ. ಯಾರೂ ಡ್ರೈವರ್ ತುಳಸಿಯ ಕಡೆ ನೋಡಲಿಲ್ಲ. ಯಾರೂ ನೋಡದೆ ಇದ್ದದ್ದರಿಂದಲೇ ಮಾತು ಯಾರಿಗೆ ತಾಗಿದ್ದು ಎಂಬುದು ಎಲ್ಲರಿಗೂ ತಿಳಿಯಿತು.

ಪೊನ್ನಂಪೇಟೆಯ ಆ ಟ್ರಸ್ಟ್ ಸಣ್ಣದು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು, ಔಷಧಿ ಕೊಟ್ಟು, ನೋವು ಕಡಿಮೆ ಮಾಡಿ ಬರುವುದು ಅದರ ಕೆಲಸ. ಆಫೀಸಿನ ಮೂವರನ್ನು ಬಿಟ್ಟರೆ ಅದಕ್ಕೆ ಇದ್ದದ್ದು ಒಬ್ಬಳು ನರ್ಸ್, ಒಬ್ಬಳು ಡ್ರೈವರ್, ಎರಡು ಸಾವಿರದ ಒಂಬತ್ತರಲ್ಲಿ ರಸ್ತೆಗಿಳಿದ ಒಂದು ಬಿಳಿ ಕಾರು. ನರ್ಸ್ ಮಾಲತಿ ಮತ್ತು ತುಳಸಿ ಐದು ವರ್ಷದಿಂದ ಆ ಕಾರಿನಲ್ಲಿ ಜೊತೆಯಾಗಿ ತಿರುಗಿದವರು. ತೀರ್ಥಪ್ರಸಾದ್ ಮಾತ್ರ ಹೊಸಬ. ಸುಳ್ಯದ ಕಡೆಯಿಂದ ಬಂದು ಎರಡು ತಿಂಗಳಾಗಿತ್ತು. ಆಫೀಸಿನ ಜವಾಬ್ದಾರಿ ಪೂರ್ತಿ ಅವನದು. ಕೆಟ್ಟ ಮನುಷ್ಯನಲ್ಲ. ಆದರೆ ಕಾಗದದಲ್ಲಿ ಕಂಡದ್ದನ್ನು ರಸ್ತೆಯಲ್ಲಿ ಕಂಡದ್ದಕ್ಕಿಂತ ಹೆಚ್ಚು ನಂಬುವ ಸ್ವಭಾವ.

“ಹೀಗೇ ಹೋದರೆ ಬುಧವಾರದ ಕುಟ್ಟ ರೌಂಡ್ ನಿಲ್ಲಿಸಬೇಕಾಗ್ತದೆ. ಅದೇ ಎಲ್ಲಕ್ಕಿಂತ ದೂರ,” ಎಂದು ಅವನು ಸೇರಿಸಿದ.

ಮಾಲತಿ ತಲೆಯೆತ್ತಿದಳು. “ಕುಟ್ಟದ ಕಡೆ ಏಳು ಮನೆ ಉಂಟು ಸರ್. ಅವರಿಗೆ ಬೇರೆ ಯಾರೂ ಇಲ್ಲ.”

“ಗೊತ್ತು ಮೇಡಂ. ಆದರೆ ನಾನು ಎಂತ ಮಾಡ್ಲಿ?”

ಆಗ ತುಳಸಿ ಎದ್ದು ನಿಂತಳು. ನಲವತ್ತೊಂದರ ಹೆಂಗಸು, ಎತ್ತರದ ಆಳು, ಮಾತು ಕಡಿಮೆ. ಜೇಬಿನಿಂದ ಎರಡು ಸಣ್ಣ ಬೀಗದಕೈ ತೆಗೆದು ಮೇಜಿನ ಮೇಲಿಟ್ಟಳು.

“ಇದು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ್ದು. ಒಂದು ನನ್ನ ಹತ್ರ ಇದ್ದದ್ದು, ಇನ್ನೊಂದು ಸ್ಪೇರ್. ಇವತ್ತಿಂದ ಎರಡೂ ನಿಮ್ಮ ಹತ್ರ ಇರ್ಲಿ. ಪೆಟ್ರೋಲ್ ಹಾಕಿಸುವಾಗ ನೀವೇ ಬನ್ನಿ, ನೀವೇ ಮುಚ್ಚಳ ತೆಗೀರಿ, ನೀವೇ ಹಾಕಿ. ನನಗೆ ಹದಿನೈದು ದಿನ ಕೊಡಿ. ಪೆಟ್ರೋಲ್ ಎಲ್ಲಿ ಹೋಗ್ತದೆ ಅಂತ ತೋರಿಸ್ತೇನೆ.”

“ನಾನು ನಿಮ್ಮನ್ನ ಅಂತ ಹೇಳ್ಲಿಲ್ಲ...”

“ಹೇಳಿದ್ರಿ ಸರ್. ಎಲ್ಲರಿಗೂ ಕೇಳ್ತು.” ಅವಳ ದನಿ ಏರಲಿಲ್ಲ. “ಹದಿನೈದು ದಿನ ಸಾಕು.”

ತೀರ್ಥಪ್ರಸಾದ್ ಬೀಗದಕೈಗಳನ್ನು ನೋಡಿದ, ಅವಳನ್ನು ನೋಡಿದ, “ಆಯ್ತು” ಎಂದ.

ಚೆಟ್ಟಳ್ಳಿಯ ಕಡೆ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು ತುಳಸಿ. ಅಪ್ಪ ಮಾರ ಆ ಎಸ್ಟೇಟಿನ ಜೀಪು ತೊಳೆಯುತ್ತಿದ್ದವನು, ಆಮೇಲೆ ಅದನ್ನೇ ಓಡಿಸಿದವನು. ಅವನ ಪಕ್ಕದಲ್ಲಿ ಕುಳಿತೇ ಅವಳು ಗೇರು ಕಲಿತಳು. ಇಪ್ಪತ್ತಾರನೇ ವಯಸ್ಸಿಗೆ ಲೈಸೆನ್ಸ್ ಮಾಡಿಸಿಕೊಂಡು, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಹೆಂಗಸರನ್ನು ಕರೆದೊಯ್ಯುವ ಜೀಪು ಓಡಿಸಲು ನಿಂತಾಗ ಎಸ್ಟೇಟಿನ ಲೆಕ್ಕ ನೋಡುವ ರೈಟರು ನಕ್ಕಿದ್ದ. ಒಂದು ವಾರ ಕಳೆದ ಮೇಲೆ ಹೆಂಗಸರು ಬೇರೆ ಜೀಪು ಹತ್ತುವುದಿಲ್ಲ ಎಂದು ಹಟ ಹಿಡಿದಾಗ ಅವನ ನಗು ನಿಂತಿತು. ಗಾಡಿ ಏನು ಹೇಳುತ್ತದೆ ಎಂದು ಕಿವಿಗೊಟ್ಟು ಕೇಳು ಎಂದು ಮಾರ ಹೇಳುತ್ತಿದ್ದ. ತುಳಸಿಗೆ ಆ ಮಾತು ಅರ್ಧ ಮಾತ್ರ ಸರಿ ಅನ್ನಿಸಿತ್ತು. ಕಿವಿ ಮೋಸ ಮಾಡುತ್ತದೆ. ಅಳೆಯಬೇಕು.

ಮನೆಗೆ ಬಂದು ಹೇಳಿದಾಗ ಗಂಡ ಮನುವಿಗೆ ಸಿಟ್ಟು ಬಂತು. ಅವನು ಅರಣ್ಯ ಕಾಲೇಜಿನ ನರ್ಸರಿಯಲ್ಲಿ ಸಸಿ ನೋಡಿಕೊಳ್ಳುವವನು.

“ಕಳ್ಳಿ ಅಂದ ಮೇಲೂ ಅಲ್ಲಿ ಕೆಲಸ ಮಾಡ್ತೀಯಾ? ನಾಳೆನೇ ಬಿಟ್ಟು ಬಾ. ನಿನಗೆ ಡ್ರೈವರ್ ಕೆಲಸ ಎಲ್ಲಿ ಬೇಕಾದ್ರೂ ಸಿಗ್ತದೆ.”

“ಸಿಗ್ತದೆ. ಆದ್ರೆ ಈಗ ಬಿಟ್ರೆ ಕದ್ದೇ ಓಡಿ ಹೋದ್ಲು ಅಂತಾರೆ. ಮೊದಲು ತೋರಿಸ್ತೇನೆ. ಬಿಡೋದಿದ್ರೆ ಆಮೇಲೆ ಬಿಡ್ತೇನೆ,” ಎಂದಳು ತುಳಸಿ.

ಮೈಲೇಜು ಬಿದ್ದದ್ದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಗೋಣಿಕೊಪ್ಪದಲ್ಲಿ ಗ್ಯಾರೇಜು ಇಟ್ಟಿದ್ದ ಧರ್ಮಪಾಲನಿಗೆ ನವೆಂಬರಿನಲ್ಲೇ ಹೇಳಿದ್ದಳು. ಅವನು ಹೊಸ ಪ್ಲಗ್ ಹಾಕಿದ, ಏರ್ ಫಿಲ್ಟರ್ ಬದಲಾಯಿಸಿದ, ಇಂಜೆಕ್ಟರ್ ತೊಳೆದ. ಏನೂ ವ್ಯತ್ಯಾಸವಾಗಲಿಲ್ಲ. ಅದೆಲ್ಲ ಅಂದಾಜಿನ ಮೇಲೆ ಕಲ್ಲು ಹೊಡೆದ ಹಾಗೆ ಆಯಿತೆಂದು ತುಳಸಿಗೆ ಈಗ ಅನ್ನಿಸಿತು. ಈ ಸಲ ಒಂದೊಂದಾಗಿ ಹಿಡಿಯಬೇಕು. ಒಂದನ್ನು ಸರಿ ಮಾಡಿ, ಅಳೆದು, ಆಮೇಲೆ ಇನ್ನೊಂದಕ್ಕೆ ಕೈ ಹಾಕಬೇಕು.

ಮಂಗಳವಾರ ಬೆಳಿಗ್ಗೆ ತೀರ್ಥಪ್ರಸಾದನನ್ನು ಕೂರಿಸಿಕೊಂಡು ಗೋಣಿಕೊಪ್ಪದ ಬಂಕಿಗೆ ಹೋದಳು. ಟೈರುಗಳಿಗೆ ಗಾಳಿ ಸರಿಯಾಗಿ ಹಿಡಿಸಿದಳು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಟ್ಯಾಂಕಿನ ಕತ್ತಿನವರೆಗೆ ಪೆಟ್ರೋಲ್ ಹಾಕಿಸಿದಳು. ಮುಚ್ಚಳಕ್ಕೆ ಅವನೇ ಬೀಗ ಹಾಕಿದ. ಗುರುವಾರ ಸಂಜೆ ಅದೇ ಬಂಕು, ಅದೇ ಪಂಪು, ಅದೇ ಜಾಗ. ಮತ್ತೆ ಕತ್ತಿನವರೆಗೆ ತುಂಬಿಸಿ, ಎಷ್ಟು ಹಿಡಿಯಿತು ಎಂದು ಇಬ್ಬರೂ ನೋಡಿದರು. ಲೀಟರಿಗೆ ಹತ್ತು ಪಾಯಿಂಟ್ ನಾಲ್ಕು.

ತೀರ್ಥಪ್ರಸಾದ್ ಮೀಟರನ್ನು ಎರಡು ಸಲ ಓದಿದ. ಮೂರು ದಿನವೂ ಬೀಗದಕೈ ಅವನ ಜೇಬಿನಲ್ಲೇ ಇತ್ತು. ಗಾಡಿ ನಿಲ್ಲುವ ಸಿಮೆಂಟ್ ನೆಲವನ್ನು ಎರಡು ಬೆಳಿಗ್ಗೆ ಅವನೇ ಬಗ್ಗಿ ನೋಡಿದ್ದ. ಸೋರಿದ ಗುರುತಾಗಲಿ, ವಾಸನೆಯಾಗಲಿ ಇರಲಿಲ್ಲ.

“ಹಾಗಾದ್ರೆ ಗಾಡಿಯೇ ಕುಡೀತಾ ಇದೆ,” ಎಂದ ನಿಧಾನವಾಗಿ.

“ಹೌದು ಸರ್. ಯಾಕೆ ಅಂತ ನೋಡುವ.”

ಕಾರಣ ತಿಳಿಯದೆ ಅಲ್ಲಿಗೇ ಬಿಟ್ಟಿದ್ದರೆ ಅವಳ ಮೇಲಿನ ಅನುಮಾನ ಅರ್ಧ ಮಾತ್ರ ಕರಗುತ್ತಿತ್ತು. ತುಳಸಿಗೆ ಅರ್ಧ ಬೇಕಿರಲಿಲ್ಲ. ಅಲ್ಲದೆ ಕುಟ್ಟದ ಏಳು ಮನೆಗಳ ಪ್ರಶ್ನೆ ಹಾಗೇ ಉಳಿದಿತ್ತು.

ಮೊದಲನೆಯ ಸುಳಿವು ಶುಕ್ರವಾರ ಶ್ರೀಮಂಗಲದ ರಸ್ತೆಯಲ್ಲಿ ಸಿಕ್ಕಿತು. ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನು ತುಳಸಿ ದಿನವೂ ನೋಡುತ್ತಿದ್ದಳು, ಎಣಿಸಿರಲಿಲ್ಲ. ಅಂದು ಒಂದು ಕಲ್ಲಿನ ಎದುರು ಗಾಡಿ ನಿಲ್ಲಿಸಿ ಮೀಟರಿನ ಅಂಕಿಯನ್ನು ಮಾಲತಿಯ ಕೈಯಲ್ಲಿ ಬರೆಸಿದಳು. ಹತ್ತು ಕಲ್ಲು ದಾಟಿದ ಮೇಲೆ ಮತ್ತೆ ನಿಲ್ಲಿಸಿದಳು.

“ಎಷ್ಟಾಯ್ತು?”

ಮಾಲತಿ ಕಳೆದು ನೋಡಿದಳು. “ಒಂಬತ್ತು ಪಾಯಿಂಟ್ ಮೂರು.”

“ಹತ್ತು ಆಗ್ಬೇಕಿತ್ತು.”

“ಕಲ್ಲು ನೆಟ್ಟವರು ತಪ್ಪು ನೆಟ್ಟಿರ್ಬೇಕು.”

ಬರುವಾಗ ಅದನ್ನೇ ಇನ್ನೊಮ್ಮೆ ಅಳೆದರು. ಆಮೇಲೆ ಗೋಣಿಕೊಪ್ಪದ ಆಚೆಯ ರಸ್ತೆಯಲ್ಲಿ ಬೇರೆ ಹತ್ತು ಕಲ್ಲು ಅಳೆದರು. ಎಲ್ಲ ಕಡೆಯೂ ಒಂಬತ್ತು ಪಾಯಿಂಟ್ ಮೂರು. ತುಳಸಿ ಕೆಳಗಿಳಿದು ಟೈರಿನ ಮೇಲೆ ಅಚ್ಚಾದ ಅಳತೆ ಓದಿದಳು. ಆಮೇಲೆ ಬಾಗಿಲು ತೆಗೆದು, ಒಳಗಿನ ಕಂಬಕ್ಕೆ ಕಂಪನಿಯವರು ಅಂಟಿಸಿದ್ದ ಟೈರ್ ಅಳತೆಯ ಹಳೆಯ ಚೀಟಿಯ ಧೂಳು ಒರೆಸಿ ಅದನ್ನೂ ಓದಿದಳು. ಎರಡೂ ಬೇರೆ ಬೇರೆ.

ನೆನಪಾಯಿತು. ಹಿಂದಿನ ವರ್ಷ ನಾಲ್ಕೂ ಟೈರು ಬದಲಾಯಿಸುವಾಗ ಆ ಅಳತೆಯದು ಅಂಗಡಿಯಲ್ಲಿ ಇರಲಿಲ್ಲ. ಸ್ವಲ್ಪ ದೊಡ್ಡದು ಹಾಕಿದರೆ ಎಸ್ಟೇಟಿನ ರಸ್ತೆಗೆ ಒಳ್ಳೆಯದೇ ಎಂದು ಹಾಕಿಕೊಟ್ಟಿದ್ದರು. ಅವಳೂ ಒಪ್ಪಿದ್ದಳು.

“ಟೈರು ದೊಡ್ಡದಾದ್ರೆ ಒಂದು ಸುತ್ತಿಗೆ ಹೆಚ್ಚು ದೂರ ಹೋಗ್ತದೆ,” ಎಂದು ಮಾಲತಿಗೆ ವಿವರಿಸಿದಳು. “ಮೀಟರಿಗೆ ಅದು ಗೊತ್ತಿಲ್ಲ. ಅದು ಸುತ್ತು ಮಾತ್ರ ಎಣಿಸ್ತದೆ. ನಾವು ನೂರು ಕಿಲೋಮೀಟರ್ ಹೋದ್ರೆ ಅದು ತೊಂಬತ್ತಮೂರು ಅಂತ ತೋರಿಸ್ತದೆ.”

“ಅಂದ್ರೆ ನಾವು ಒಂದು ವರ್ಷದಿಂದ ಹೋದ ದಾರಿಯೇ ಕಡಿಮೆ ಲೆಕ್ಕ ಆಗಿದೆ!”

“ಹೌದು. ಹತ್ತು ಪಾಯಿಂಟ್ ನಾಲ್ಕು ಅಲ್ಲ. ಸರಿಯಾಗಿ ನೋಡಿದ್ರೆ ಹನ್ನೊಂದರ ಮೇಲೆ ಉಂಟು.”

ಮಾಲತಿ ಖುಷಿಯಿಂದ ಚಪ್ಪಾಳೆ ತಟ್ಟಿದಳು. ತುಳಸಿ ತಟ್ಟಲಿಲ್ಲ. ಇನ್ನೂ ಐದು ಕಿಲೋಮೀಟರ್ ಸಿಗಬೇಕಿತ್ತು.

ಅರಣ್ಯ ಕಾಲೇಜಿನ ಹತ್ತಿರ ಒಂದು ಸಣ್ಣ ಇಳಿಜಾರು ಇದೆ. ಮುಂಚೆ ಅಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಗಾಡಿ ತಾನೇ ಉರುಳಿಕೊಂಡು ಕೆಳಗಿನ ತಿರುವಿನವರೆಗೆ ಹೋಗುತ್ತಿತ್ತು. ಶನಿವಾರ ತುಳಸಿ ಗಮನವಿಟ್ಟು ನೋಡಿದಳು. ಗಾಡಿ ಅರ್ಧ ದಾರಿಯಲ್ಲೇ ಯಾರೋ ಹಿಂದಿನಿಂದ ಸೆರಗು ಹಿಡಿದ ಹಾಗೆ ನಿಧಾನವಾಯಿತು. ಬದಿಗೆ ನಿಲ್ಲಿಸಿ ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿದಳು. ಹಿಂದಿನ ಎಡಚಕ್ರದ ಹತ್ತಿರ ಕೈ ಇಡಲಾಗಲಿಲ್ಲ. ಅಷ್ಟು ಬಿಸಿ.

ಗ್ಯಾರೇಜಿನಲ್ಲಿ ಧರ್ಮಪಾಲ ಅವಳನ್ನು ಕಂಡು ಕೈ ಮುಗಿದ. ಅವನು ಮೂಡಬಿದಿರೆಯಿಂದ ಬಂದು ಮೂವತ್ತು ವರ್ಷವಾಗಿತ್ತು. ಊರು ಬಿಟ್ಟರೂ ಮಾತು ಬಿಟ್ಟಿರಲಿಲ್ಲ.

“ಮತ್ತೆ ಬಂದ್ಯಾ ಮಾರಾಯ್ತಿ? ನಾನು ಹೇಳಿದ್ದೆನಲ್ಲ, ಮುದಿ ಎಮ್ಮೆ ಮೇಯೋದು ಜಾಸ್ತಿ, ಹಾಲು ಕಡಿಮೆ. ಮಾರಿ ಬಿಡ್ಲಿಕ್ಕೆ ಹೇಳು ನಿಮ್ಮವರಿಗೆ.”

“ಎಮ್ಮೆಗೆ ವಯಸ್ಸಾಗಿದ್ದಲ್ಲ ಧರ್ಮಣ್ಣ, ಕಾಲು ಕಟ್ಟಿ ಹಾಕಿದ್ದೀರಿ. ಹಿಂದಿನ ಎಡಗಡೆ ಬ್ರೇಕ್ ಬಿಚ್ಚಿ.”

ಅವನು ಜಾಕ್ ಕೊಟ್ಟು ಚಕ್ರ ಎತ್ತಿದ. ಬಲಗಡೆಯದು ಬೆರಳು ತಾಗಿಸಿದರೆ ಸುತ್ತಿತು. ಎಡಗಡೆಯದನ್ನು ಎರಡು ಕೈಯಲ್ಲಿ ತಿರುಗಿಸಬೇಕಾಯಿತು. ಬ್ರೇಕಿನ ಡ್ರಮ್ ಬಿಚ್ಚಿದಾಗ ಕಾರಣ ಕಂಡಿತು. ಮಳೆಗಾಲದ ನಾಲ್ಕು ತಿಂಗಳು ಕೆಸರು ನೀರಿನಲ್ಲಿ ಓಡಾಡಿ ಹ್ಯಾಂಡ್‌ಬ್ರೇಕಿನ ಕೇಬಲ್ ಒಳಗೇ ತುಕ್ಕು ಹಿಡಿದಿತ್ತು. ಹ್ಯಾಂಡ್‌ಬ್ರೇಕ್ ಇಳಿಸಿದರೂ ಆ ಚಕ್ರದ ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ.

“ಅಬ್ಬ! ಬ್ರೇಕ್ ಒತ್ತಿಕೊಂಡೇ ಊರೆಲ್ಲ ತಿರುಗಿದ್ದು ನೀನು,” ಎಂದ ಧರ್ಮಪಾಲ.

ಹೊಸ ಕೇಬಲ್ ಬಿತ್ತು, ಸವೆದ ಬ್ರೇಕ್ ಶೂ ಬದಲಾಯಿತು. ಸೋಮವಾರದಿಂದ ಮತ್ತೆ ಮೂರು ದಿನ ಅಳತೆ. ಟೈರಿನ ವ್ಯತ್ಯಾಸ ಸೇರಿಸಿ ಈಗ ಹನ್ನೆರಡೂವರೆ. ತೀರ್ಥಪ್ರಸಾದ್ ಪ್ರತಿ ಸಲವೂ ಬಂಕಿಗೆ ಬಂದ. ಮೊದಮೊದಲು ಗಾಡಿಯಲ್ಲಿ ಫೋನ್ ನೋಡುತ್ತ ಕುಳಿತಿರುತ್ತಿದ್ದವನು ಈಗ ಇಳಿದು ಪಂಪಿನ ಅಂಕಿ ಓಡುವುದನ್ನು ನೋಡುತ್ತಿದ್ದ.

“ಇನ್ನೂ ಮೂರೂವರೆ ಉಂಟಲ್ಲ. ಅದೆಲ್ಲಿ?” ಎಂದು ಅವನೇ ಕೇಳಿದ.

“ಹುಡುಕ್ತಾ ಇದ್ದೇನೆ ಸರ್.”

ಅದು ಸಿಕ್ಕಿದ್ದು ಮಾಲತಿಯ ತಣ್ಣಗಾದ ಬೆರಳುಗಳಿಂದ. ಗುರುವಾರ ಬೆಳಿಗ್ಗೆ ಹುದಿಕೇರಿಯ ಕಡೆ ಮಂಜು ಗದ್ದೆಯ ಮೇಲೆಲ್ಲ ಕೂತಿತ್ತು. ರಸ್ತೆ ಬದಿಯ ಕಣದಲ್ಲಿ ಕಾಫಿ ಹರವಲು ಬಂದವರು ಇನ್ನೂ ಬೆಂಕಿಗೆ ಮೈ ಕಾಯಿಸಿಕೊಳ್ಳುತ್ತಿದ್ದರು. ರೋಗಿಯ ಮೈ ಮುಟ್ಟುವ ಮೊದಲು ಕೈ ಬೆಚ್ಚಗಿರಬೇಕು ಎನ್ನುವುದು ಮಾಲತಿಯ ನಿಯಮ.

“ಹೀಟರ್ ಹಾಕು ತುಳಸಿ. ಹಾಕಿದ್ರೂ ಪ್ರಯೋಜನ ಇಲ್ಲ ಬಿಡು. ಈ ಗಾಡಿಯ ಹೀಟರು ಬಾಯಿಂದ ಊದಿದ ಹಾಗೆ ಬರ್ತದೆ.”

“ಯಾವಾಗಿಂದ ಹಾಗೆ?”

“ನಿನಗೆ ಗೊತ್ತಿಲ್ವಾ? ಮೊದಲ ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಹಾಳಾಯ್ತು.”

ತುಳಸಿ ಡ್ಯಾಶ್‌ಬೋರ್ಡಿನ ಸಣ್ಣ ಮುಳ್ಳನ್ನು ನೋಡಿದಳು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅದು. ಹೊರಟು ಮುಕ್ಕಾಲು ಗಂಟೆಯಾಗಿದ್ದರೂ ಕೆಳಗಿನ ಗೆರೆಯಿಂದ ಸ್ವಲ್ಪವೇ ಮೇಲೆದ್ದಿತ್ತು. ಅದು ಹಾಗೇ ಇರುವುದನ್ನು ಅವಳು ದಿನವೂ ನೋಡುತ್ತಿದ್ದಳು. ಮುಳ್ಳು ಮೇಲೇರಿದರೆ ಎದೆ ಹಾರುತ್ತದೆ. ಕೆಳಗೇ ಇದ್ದರೆ ಯಾವ ಡ್ರೈವರೂ ಚಿಂತೆ ಮಾಡುವುದಿಲ್ಲ. ಅವಳೂ ಮಾಡಿರಲಿಲ್ಲ. ಈಗ ಗಾಡಿಯ ಮೂತಿಯೊಳಗೆ ಏನು ನಡೆಯುತ್ತಿದೆ ಎನ್ನುವುದು ಅವಳ ಕಣ್ಣಿಗೆ ಕಟ್ಟಿತು.

ಮಧ್ಯಾಹ್ನವೇ ಗ್ಯಾರೇಜಿಗೆ ಹೋದಳು.

“ಎಂಜಿನ್ ಬಿಸಿ ಆಗ್ತಾ ಇಲ್ಲ ಧರ್ಮಣ್ಣ.”

“ಒಳ್ಳೇದಾಯ್ತಲ್ಲ! ತಂಪಾಗಿದ್ರೆ ಎಂಜಿನ್ ಬಾಳಿಕೆ ಬರ್ತದೆ.”

“ಬರೋದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ತಣ್ಣಗಿರ್ತದೆ ಅಂತ ಗಾಡಿಯ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕೊಡ್ತದೆ ಅಲ್ವಾ? ಬಿಸಿ ಆದ ಮೇಲೆ ಕಡಿಮೆ ಮಾಡ್ತದೆ. ಇದು ದಿನವಿಡೀ ಬಿಸಿ ಆಗೋದೇ ಇಲ್ಲ. ಹಾಗಾದ್ರೆ ಅದಕ್ಕೆ ದಿನವಿಡೀ ಬೆಳಿಗ್ಗೆಯೇ. ದಿನವಿಡೀ ಹೆಚ್ಚು ಕೊಡ್ತಾನೇ ಇರ್ತದೆ. ಥರ್ಮೋಸ್ಟಾಟ್ ನೋಡಿ.”

ಥರ್ಮೋಸ್ಟಾಟ್ ಎಂದರೆ ಎಂಜಿನ್ನಿನ ನೀರಿನ ದಾರಿಗೆ ಒಂದು ಸಣ್ಣ ಬಾಗಿಲು. ನೀರು ಬಿಸಿಯಾಗುವ ತನಕ ಮುಚ್ಚಿಕೊಂಡಿದ್ದು, ಬಿಸಿಯಾದ ಮೇಲೆ ತೆರೆದು ರೇಡಿಯೇಟರಿಗೆ ಬಿಡುವಂಥದ್ದು. ಧರ್ಮಪಾಲ ಗೊಣಗುತ್ತಲೇ ಎರಡು ಬೋಲ್ಟು ಬಿಚ್ಚಿ ಮುಚ್ಚಳ ಎತ್ತಿದ. ಒಳಗೆ ಬೆರಳಿಟ್ಟ. ಅಲ್ಲೇ ನಿಂತುಬಿಟ್ಟ.

ಒಳಗೆ ಏನೂ ಇರಲಿಲ್ಲ. ಬಾಗಿಲಿರಬೇಕಾದ ಜಾಗ ಖಾಲಿ.

“ಇದನ್ನ ಯಾರು ತೆಗೆದದ್ದು?” ಎಂದು ತುಳಸಿ ಕೇಳಿದಳು.

ಧರ್ಮಪಾಲ ಕೈ ಒರೆಸಿಕೊಂಡ. ಒರೆಸಿದ ಮೇಲೂ ಒರೆಸುತ್ತಲೇ ಇದ್ದ. “ತಿತಿಮತಿಯಲ್ಲಿ ಗಾಡಿ ಕುದಿದು ನಿಂತಿತ್ತಲ್ಲ, ಮೂರು ವರ್ಷ ಆಗ್ತಾ ಬಂತು. ನೆನಪುಂಟಾ? ಇದು ಮುಚ್ಚಿಕೊಂಡು ಅಂಟಿ ಹೋಗಿತ್ತು. ಹೊಸದು ಮೈಸೂರಿಂದ ಬರ್ಬೇಕಿತ್ತು. ನಿಮಗೆ ಮರುದಿನವೇ ರೋಗಿಗಳನ್ನು ನೋಡ್ಲಿಕ್ಕೆ ಹೋಗ್ಬೇಕಿತ್ತು. ಸದ್ಯಕ್ಕೆ ಹೀಗೇ ಓಡ್ಲಿ, ಆಮೇಲೆ ಹಾಕುವ ಅಂತ ತೆಗೆದೆ.” ಅವನು ತಲೆ ತಗ್ಗಿಸಿದ. “ನಾನೇ ತೆಗೆದದ್ದು ತುಳಸಿ. ಮರೆತೇ ಹೋಯ್ತು.”

ತುಳಸಿಗೆ ಬಾಯಿ ತುಂಬ ಮಾತು ಬಂತು. ಆ ಖಾಲಿ ಜಾಗದಿಂದ ತನ್ನ ಮೇಲೆ ಬಂದ ಮಾತು ನೆನಪಾಯಿತು. ಆದರೆ ಅಂದು ಸಂಜೆ ಏಳರವರೆಗೆ ಈ ಮನುಷ್ಯ ರಸ್ತೆ ಬದಿಯಲ್ಲಿ ಮಲಗಿ ಗಾಡಿ ಸರಿಮಾಡಿ ಕೊಟ್ಟದ್ದೂ ನೆನಪಿತ್ತು.

“ಹೊಸದು ತರಿಸಿ ಹಾಕಿ,” ಎಂದಳು. “ಮತ್ತೆ ಈ ಮಾತು ನೀವೇ ಬಂದು ನಮ್ಮ ಆಫೀಸಿನಲ್ಲಿ ಹೇಳ್ಬೇಕು.”

“ಹೇಳ್ತೇನೆ. ಖಂಡಿತ ಹೇಳ್ತೇನೆ.”

ಶನಿವಾರ ಹೊಸ ಥರ್ಮೋಸ್ಟಾಟ್ ಬಂದು ಕೂತಿತು. ಹೊರಟ ಹತ್ತು ನಿಮಿಷಕ್ಕೆ ಮುಳ್ಳು ನಡುಗೆರೆಗೆ ಬಂದು ನಿಂತಿತು. ಹೀಟರಿನ ಗಾಳಿ ಬಿಸಿಯಾಗಿ ಮುಖಕ್ಕೆ ಹೊಡೆದಾಗ ಮಾಲತಿ ಕೂಗಿಯೇಬಿಟ್ಟಳು. ಸೋಮವಾರ ಸಂಜೆ ಅಳೆದಾಗ ಹದಿನಾಲ್ಕು ಪಾಯಿಂಟ್ ಮೂರು ಬಂತು.

ಅಲ್ಲಿಗೆ ತುಳಸಿ ಕೇಳಿದ್ದ ಹದಿನೈದು ದಿನ ಮುಗಿಯಿತು. ಹದಿನಾಲ್ಕು ಸಾಕು, ಹಳೆಯ ಗಾಡಿಗೆ ಇನ್ನೆಷ್ಟು ಬೇಕು ಎಂದು ತೀರ್ಥಪ್ರಸಾದನೇ ಹೇಳಿದ. ಆದರೆ ತುಳಸಿಗೆ ಸಮಾಧಾನವಾಗಲಿಲ್ಲ. ಇನ್ನೆರಡು ದಿನ ಕೊಡಿ ಎಂದು ಕೇಳಿಕೊಂಡಳು. ಮರುದಿನ ಗಾಡಿಯಲ್ಲಿ ಮಾಲತಿಯ ಮುಂದೆ ಮತ್ತೆ ಅದನ್ನೇ ತೆಗೆದಳು.

“ಇನ್ನೊಂದು ಏನೋ ಉಂಟು. ನನಗೆ ಕಾಣ್ತಾ ಇಲ್ಲ.”

ಮಾಲತಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. “ಹೇಳಿದ್ರೆ ಬೇಜಾರು ಮಾಡ್ಕೊಳ್ತೀಯಾ?”

“ಹೇಳು.”

“ನಾನು ಒಳಗೆ ಡ್ರೆಸ್ಸಿಂಗ್ ಮಾಡ್ತಾ ಇರುವಾಗ ಹೊರಗೆ ಗಾಡಿಯ ಸದ್ದು ಕೇಳ್ತಾ ಇರ್ತದೆ. ನೀನು ಆಫ್ ಮಾಡೋದೇ ಇಲ್ಲ.”

ತುಳಸಿಯ ಮುಖಕ್ಕೆ ರಕ್ತ ಏರಿತು. ನಿಜ. ಎರಡು ವರ್ಷದ ಹಿಂದೆ ನಾಗರಹೊಳೆಯ ಅಂಚಿನ ಒಂದು ಬುಡಕಟ್ಟಿನ ಹಾಡಿಯಲ್ಲಿ ಬ್ಯಾಟರಿ ಸತ್ತು ಗಾಡಿ ಸ್ಟಾರ್ಟ್ ಆಗದೆ, ಉಸಿರಾಡಲು ಒದ್ದಾಡುತ್ತಿದ್ದ ಒಬ್ಬ ಮುದುಕನನ್ನು ಆಸ್ಪತ್ರೆಗೆ ಸೇರಿಸಲು ಮೂರು ಗಂಟೆ ತಡವಾಗಿತ್ತು. ಮುದುಕ ಬದುಕಿದ. ಆದರೆ ಆ ಮೂರು ಗಂಟೆಯನ್ನು ತುಳಸಿ ಮರೆಯಲಿಲ್ಲ. ಅಂದಿನಿಂದ ರೋಗಿಯ ಮನೆಯ ಮುಂದೆ ಎಂಜಿನ್ ಆರಿಸುವುದನ್ನು ಬಿಟ್ಟಳು. ಮರುತಿಂಗಳೇ ಹೊಸ ಬ್ಯಾಟರಿ ಬಂದಿತ್ತು. ಅಭ್ಯಾಸ ಮಾತ್ರ ಹೋಗಲಿಲ್ಲ.

“ಯಾಕೆ ಮೊದಲೇ ಹೇಳ್ಲಿಲ್ಲ?”

“ನಿನ್ನ ಮೇಲೆ ಆಗಲೇ ಒಂದು ಮಾತು ಬಂದಿತ್ತು. ನಾನೂ ಒಂದು ಸೇರಿಸ್ಲಾ?”

ಅಂದಿನ ಮೊದಲ ಮನೆಯ ಅಂಗಳದಲ್ಲಿ ತುಳಸಿ ಗಾಡಿ ನಿಲ್ಲಿಸಿ ಕೈಯನ್ನು ಕೀಲಿಯ ಮೇಲಿಟ್ಟಳು. ಆರಿಸಲು ಮನಸ್ಸು ಹಿಂದೆಗೆಯಿತು. ಆರಿಸಿದಳು. ಮಾಲತಿ ಒಳಗಿದ್ದ ಇಪ್ಪತ್ತೈದು ನಿಮಿಷದಲ್ಲಿ ಎರಡು ಸಲ ಸುಮ್ಮನೆ ಸ್ಟಾರ್ಟ್ ಮಾಡಿ ನೋಡಿದಳು. ಎರಡು ಸಲವೂ ಮೊದಲ ತಿರುವಿಗೇ ಹಿಡಿಯಿತು. ನಾಲ್ಕನೇ ಮನೆಯ ಹೊತ್ತಿಗೆ ನೋಡುವುದನ್ನೂ ಬಿಟ್ಟಳು.

ಸಂಜೆ ಬಂಕಿನಲ್ಲಿ ಟ್ಯಾಂಕು ತುಂಬಿಸಿ ಬೀಗ ಹಾಕುವಾಗ ತೀರ್ಥಪ್ರಸಾದನಿಗೆ ಹೇಳಿದಳು, “ನಾಳೆ ಕುಟ್ಟ ರೌಂಡ್. ನೀವೂ ಬನ್ನಿ ಸರ್. ಕೊನೆಯ ಅಳತೆ ನಿಮ್ಮ ಎದುರೇ ಆಗ್ಲಿ.”

ಬುಧವಾರ ಏಳೂವರೆಗೆ ಮೂವರೂ ಹೊರಟರು. ತೀರ್ಥಪ್ರಸಾದ್ ಹಿಂದಿನ ಸೀಟಿನಲ್ಲಿ ಔಷಧಿಯ ಡಬ್ಬಗಳ ನಡುವೆ ಮೊಣಕಾಲು ಮಡಚಿ ಕುಳಿತ. ಅವನಿಗೆ ಕುಟ್ಟವೆಂದರೆ ಇಲ್ಲಿಯತನಕ ಪಟ್ಟಿಯಲ್ಲಿದ್ದ ಒಂದು ಹೆಸರು ಮಾತ್ರ. ತುಳಸಿ ಏರಿನಲ್ಲಿ ಎಂಜಿನ್ ಕಿರುಚುವ ಮೊದಲೇ ಗೇರು ಬದಲಾಯಿಸಿದಳು, ಮುಂದಿನ ತಿರುವು ಕಂಡ ಕೂಡಲೇ ಕಾಲು ಸಡಿಲಿಸಿದಳು, ಬ್ರೇಕನ್ನು ಬೇಕಾದಷ್ಟೇ ಮುಟ್ಟಿದಳು. ಮೆಣಸಿನ ಬಳ್ಳಿಯ ಮರಗಳು ಎರಡೂ ಬದಿಯಲ್ಲಿ ಹಿಂದೆ ಸರಿದವು.

ಐದನೇ ಮನೆ ಚೋಮಿಯದು. ಅರವತ್ತು ದಾಟಿದ ಹೆಂಗಸು. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಎಂಟು ತಿಂಗಳಿಂದ ಮಾಗಿರಲಿಲ್ಲ. ಒಳಗೆ ಬೆಳಕು ಕಡಿಮೆಯಿತ್ತು. ಮಾಲತಿ ಟಾರ್ಚನ್ನು ತೀರ್ಥಪ್ರಸಾದನ ಕೈಗೆ ಕೊಟ್ಟು “ಹೀಗೆ ಹಿಡೀರಿ” ಎಂದಳು. ಅವನು ಹಿಡಿದ. ಮೊದಲು ಮುಖ ತಿರುಗಿಸಿದ, ಆಮೇಲೆ ತಿರುಗಿಸಲಿಲ್ಲ.

ಚೋಮಿ ಅವನನ್ನೇ ನೋಡುತ್ತಿದ್ದಳು. “ಇವರು ಹೊಸ ಡಾಕ್ಟ್ರಾ?”

“ಅಲ್ಲಮ್ಮ. ನಾನು ಆಫೀಸಿನವನು. ಗಾಡಿ ಎಲ್ಲಿಗೆ ಹೋಗ್ಬೇಕು ಅಂತ ನೋಡೋನು.”

“ಹಾಗಾದ್ರೆ ಡಾಕ್ಟ್ರಿಗಿಂತ ದೊಡ್ಡವರು,” ಎಂದಳು ಚೋಮಿ. “ಬುಧವಾರ ತಪ್ಪದ ಹಾಗೆ ನೋಡ್ಕೊಳ್ಳಿ. ಈ ಕಾಲು ಕತ್ತರಿಸ್ಬೇಕು ಅಂದಿದ್ರು. ಈ ಹುಡುಗಿ ಬಂದು ಬಂದು ಉಳಿಸಿದ್ದು.”

ಅವನು ಟಾರ್ಚನ್ನು ಅಲುಗದ ಹಾಗೆ ಹಿಡಿದ.

ಸಂಜೆ ಬಂಕಿನಲ್ಲಿ ಟ್ಯಾಂಕು ಮತ್ತೆ ಕತ್ತಿನವರೆಗೆ ತುಂಬಿತು. ತೀರ್ಥಪ್ರಸಾದನೇ ಮೊಬೈಲಿನಲ್ಲಿ ಭಾಗಿಸಿದ. ಒಮ್ಮೆ ಭಾಗಿಸಿ ಟೈರಿನ ವ್ಯತ್ಯಾಸ ಸೇರಿಸಿದ, ನಂಬದೆ ಇನ್ನೊಮ್ಮೆ ಮಾಡಿದ.

“ಹದಿನೈದು ಪಾಯಿಂಟ್ ಎಂಟು.”

ತುಳಸಿ ತಲೆಯಾಡಿಸಿದಳು. ಒಳಗೆ ಉಬ್ಬಿ ಬಂದ ಸಂತೋಷವನ್ನು ಅವನ ಎದುರು ತೋರಿಸಿಕೊಳ್ಳಲಿಲ್ಲ.

“ತುಳಸಿಯವರೇ,” ಎಂದ ಅವನು. ಇಷ್ಟು ದಿನ ಅವನು ಅವಳ ಹೆಸರಿಗೆ ‘ಅವರೇ’ ಸೇರಿಸಿರಲಿಲ್ಲ. “ನನ್ನಿಂದ ತಪ್ಪಾಯ್ತು. ಆ ದಿನ ನಾನು ಹಾಗೆ ಹೇಳ್ಬಾರ್ದಿತ್ತು.”

“ಸರಿ ಸರ್. ಆದರೆ ಇಲ್ಲಿ ಹೇಳಿದ್ದು ನನಗೊಬ್ಬಳಿಗೇ ಕೇಳಿತು. ಆವತ್ತಿನ ಮಾತು ಎಲ್ಲರಿಗೂ ಕೇಳಿತ್ತು.”

ಅವನು ಅರ್ಥ ಮಾಡಿಕೊಂಡ. ಸೋಮವಾರದ ಮೀಟಿಂಗಿನಲ್ಲಿ ಎಲ್ಲರೂ ಕೂತ ಮೇಲೆ ಎದ್ದು ನಿಂತು, ಸುತ್ತು ಬಳಸದೆ ಹೇಳಿದ. “ಹಿಂದೆ ನಾನು ಇಲ್ಲಿ ತುಳಸಿಯವರ ಮೇಲೆ ಅನುಮಾನ ಬರುವ ಹಾಗೆ ಮಾತಾಡಿದೆ. ಅದು ತಪ್ಪು. ಪೆಟ್ರೋಲ್ ಯಾರೂ ಕದ್ದಿರಲಿಲ್ಲ. ಕ್ಷಮೆ ಕೇಳ್ತೇನೆ.” ಧರ್ಮಪಾಲನೂ ಗ್ಯಾರೇಜಿಗೆ ಬಾಗಿಲು ಹಾಕಿ ಬಂದಿದ್ದ. ಬಾಗಿಲ ಬಳಿ ಎಣ್ಣೆ ಕಲೆಯ ಅಂಗಿಯಲ್ಲೇ ನಿಂತು, ಮೂರು ವರ್ಷದ ಹಿಂದಿನ ತನ್ನ ಮರೆವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಆಮೇಲೆ ತುಳಸಿ ಎದ್ದಳು.

“ನನ್ನದೂ ಒಂದು ಉಂಟು. ಮನೆಗಳ ಮುಂದೆ ಎಂಜಿನ್ ಆರಿಸದೆ ನಿಲ್ಲಿಸ್ತಿದ್ದದ್ದು ನಾನು. ಗಾಡಿ ಸ್ಟಾರ್ಟ್ ಆಗೋದಿಲ್ಲವೇನೋ ಅಂತ ಹೆದರಿಕೆ. ಲೀಟರಿಗೆ ಒಂದೂವರೆ ಕಿಲೋಮೀಟರಿನ ಹತ್ತಿರ ಅದರಲ್ಲೇ ಹೋಗ್ತಿತ್ತು. ಅದು ಗಾಡಿಯ ತಪ್ಪಲ್ಲ, ಧರ್ಮಣ್ಣನದೂ ಅಲ್ಲ. ಇನ್ನು ಹಾಗೆ ಮಾಡೋದಿಲ್ಲ.”

ಯಾರೂ ಕೇಳದೆ ಇದ್ದದ್ದನ್ನು ಅವಳೇ ಹೇಳಿದಳು. ತೀರ್ಥಪ್ರಸಾದ್ ಅವಳನ್ನು ಒಂದು ಕ್ಷಣ ಹೆಚ್ಚೇ ನೋಡಿ, ಮೇಜಿನ ಡ್ರಾಯರಿನಿಂದ ಎರಡೂ ಬೀಗದಕೈ ತೆಗೆದು ಅವಳ ಕೈಗೆ ಕೊಟ್ಟ. ಮನೆಯಲ್ಲಿ ಮನು ಆ ಸಂಜೆ, ಇನ್ನಾದರೂ ಕೆಲಸ ಬಿಡ್ತೀಯಾ ಎಂದು ಕೇಳಿದ. “ಈಗ ಯಾಕೆ ಬಿಡ್ಲಿ?” ಎಂದು ನಕ್ಕಳು.

ಕುಟ್ಟ ರೌಂಡ್ ನಿಲ್ಲಲಿಲ್ಲ. ಆ ಮೀಟಿಂಗಿನ ಕೊನೆಗೆ ಮಾಲತಿ ಒಂದು ಹಳೆಯ ಅರ್ಜಿ ತೆಗೆದು ಮೇಜಿನ ಮೇಲಿಟ್ಟಿದ್ದಳು. ಬಿರುನಾಣಿಯಲ್ಲಿ ಬೆಳ್ಳಿಯಪ್ಪ ಎಂಬ ಒಬ್ಬರು, ಪಾರ್ಶ್ವವಾಯು ಹೊಡೆದು ಮಲಗಿದವರು. ಅವರ ಮಗಳು ಕವನಾ ವರ್ಷದ ಹಿಂದೆ ಕೇಳಿಕೊಂಡಿದ್ದಳು. ದೂರವಾಯಿತು, ಏರು ಜಾಸ್ತಿ, ಆಗುವುದಿಲ್ಲ ಎಂದು ಆಗ ಆಫೀಸಿನಿಂದ ಉತ್ತರ ಹೋಗಿತ್ತು. ತೀರ್ಥಪ್ರಸಾದ್ ಕಾಗದವನ್ನು ಓದಿ ತುಳಸಿಯ ಕಡೆ ತಿರುಗಿಸಿದ.

“ಆಗ್ತದಾ?”

“ಆಗ್ತದೆ,” ಎಂದಿದ್ದಳು ತುಳಸಿ.

ಫೆಬ್ರವರಿಯ ಮೊದಲ ಶುಕ್ರವಾರ ಗಾಡಿ ಬಿರುನಾಣಿಯ ಏರು ಹತ್ತಿತು. ರಸ್ತೆ ಕಿರಿದು, ತಿರುವುಗಳು ಒಂದರ ಹಿಂದೊಂದು. ಎರಡು ಕಡೆ ಪಿಕ್ಕಿಂಗ್ ಜೀಪುಗಳಿಗೆ ದಾರಿ ಬಿಡಲು ಹಿಂದಕ್ಕೆ ಸರಿಯಬೇಕಾಯಿತು. ತುಳಸಿ ಅವಸರ ಮಾಡಲಿಲ್ಲ. ಬೆಳ್ಳಿಯಪ್ಪನವರ ಮನೆಯ ಗೇಟಿನ ಹತ್ತಿರ ಒಬ್ಬ ಹೆಂಗಸು ಕೈಯಡ್ಡ ಹಿಡಿದು ರಸ್ತೆ ನೋಡುತ್ತ ನಿಂತಿದ್ದಳು. ಗಾಡಿ ತಿರುಗಿದ್ದು ಕಂಡು ಓಡಿಬಂದು ಗೇಟು ತೆರೆದಳು.

“ನಾನೇ ಕವನಾ,” ಎಂದಳು, ಕಿಟಕಿಗೆ ಬಗ್ಗಿ. “ನೀವು ಇಲ್ಲಿಗೆ ಬರೋದಿಲ್ಲ ಅಂತ ಹೇಳಿದ್ರು. ನಿನ್ನೆ ಫೋನ್ ಬಂದಾಗ ನಾನು ನಂಬ್ಲೇ ಇಲ್ಲ. ಇವತ್ತು ಒಂದು ದಿನಕ್ಕಾ?”

“ಅಲ್ಲ,” ಎಂದಳು ತುಳಸಿ, ಬಾಗಿಲು ತೆಗೆದು ಇಳಿಯುತ್ತ. “ಇನ್ನು ಪ್ರತಿ ಶುಕ್ರವಾರ. ಹತ್ತೂವರೆ ಒಳಗೆ ಇಲ್ಲಿರ್ತೇವೆ.”

ಮಾಲತಿ ಆಗಲೇ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು.